ಮಳೆಯಲ್ಲಿ ಥೀಮ್ ಪಾರ್ಕ್: ಮೈಗೆ ಯಾವ ಪಾಂಚೋ, ಕಾಲಿಗೆ ಯಾವ ಶೂ?

ಪ್ರಶ್ನೆ: ಮಳೆಗಾಲದಲ್ಲೇ ರಜೆ ಸಿಕ್ಕಿದೆ, ಎರಡು ದಿನ ಥೀಮ್ ಪಾರ್ಕಿಗೆ ಹೊರಟಿದ್ದೇವೆ. ನಾನು, ನಮ್ಮನೆಯವರು, 11 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ 68 ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಹಿಂದಿನ ಸಲ ಗೇಟಿನ ಬಳಿ ಕೊಂಡ ತೆಳು ಪ್ಲಾಸ್ಟಿಕ್ ಪಾಂಚೋಗಳು (ಮೈಮೇಲೆ ಇಳಿಬಿಟ್ಟುಕೊಳ್ಳುವ ಸಡಿಲ ಮಳೆಹೊದಿಕೆಗಳು) ಮಧ್ಯಾಹ್ನದೊಳಗೆ ಕುತ್ತಿಗೆಯಿಂದ ಕೆಳಕ್ಕೆ ಸೀಳಿಹೋದವು. ಕ್ಯಾನ್ವಾಸ್ ಶೂ ನೆನೆದು ನನ್ನ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಎರಡನೇ ದಿನವನ್ನು ಬೆಂಚಿನ ಮೇಲೆ ಕೂತೇ ಕಳೆದೆ. ಈ ಸಲ ಎಲ್ಲರಿಗೂ ವಾಟರ್‌ಪ್ರೂಫ್ ಶೂ, 10,000 ಎಂಎಂ ಎಂದು ಬರೆದ ಜಾಕೆಟ್ ಕೊಳ್ಳೋಣ ಎನ್ನುತ್ತಾರೆ ಇವರು. ಅಷ್ಟೆಲ್ಲ ಬೇಕೇ? ಕೊಡೆ ಸಾಲದೇ? ವಾಟರ್ ರೈಡಿಗೂ ಅದೇ ಪಾಂಚೋ ಆಗುತ್ತದೆಯೇ? ಸಾಮಾನೆಲ್ಲ ಒಂದು ಸಣ್ಣ ಬ್ಯಾಗಿನಲ್ಲಿ ಹಿಡಿಸಬೇಕು.

ಉತ್ತರ: ಪಾಂಚೋ ಹರಿದದ್ದು, ಕಾಲಿನಲ್ಲಿ ಬೊಬ್ಬೆ ಎದ್ದದ್ದು ಎರಡೂ ಮಳೆಯಿಂದಲೇ ಆದರೂ ಇವೆರಡಕ್ಕೂ ಪರಿಹಾರ ಬೇರೆ ಬೇರೆ. ಮೈಯನ್ನು ತಕ್ಕಮಟ್ಟಿಗೆ ಒಣಗಿದಂತೆ ಇಟ್ಟುಕೊಳ್ಳಲು ಸಾಧ್ಯ. ಇಡೀ ದಿನ ಜಡಿಮಳೆಯಲ್ಲಿ ನಡೆಯುವವರ ಪಾದವನ್ನು ನೆನೆಯದಂತೆ ಕಾಪಾಡುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ಕಾಲಿಗೆ ಕೊಳ್ಳುವಾಗ ‘ಇದು ನೀರು ತಡೆಯುತ್ತದೆಯೇ’ ಎಂದು ಕೇಳುವ ಬದಲು ‘ನೆನೆದ ಮೇಲೆ ಎಷ್ಟು ಬೇಗ ಒಣಗುತ್ತದೆ’ ಎಂದು ಕೇಳಿ. ಹಣವನ್ನೂ ಗಮನವನ್ನೂ ಮೊದಲು ಕಾಲಿಗೇ ಕೊಡಿ. ಪಾಂಚೋ ಹರಿದರೆ ಅಲ್ಲೇ ಇನ್ನೊಂದು ಸಿಗುತ್ತದೆ, ಹಿಮ್ಮಡಿಯ ಚರ್ಮ ಕಿತ್ತುಬಂದರೆ ಪ್ರವಾಸ ಅಲ್ಲಿಗೇ ನಿಂತಿತು.

ವಾಟರ್‌ಪ್ರೂಫ್ ಶೂ ವಿಚಾರದಿಂದಲೇ ಶುರು ಮಾಡೋಣ. ಅದರ ಬಟ್ಟೆಗೂ ಒಳಪದರಕ್ಕೂ ನಡುವೆ ನೀರು ಬಿಡದ ತೆಳು ಪೊರೆ ಇರುತ್ತದೆ. ಹೊರಗಿನಿಂದ ಬಟ್ಟೆಯ ಮೂಲಕ ಬರುವ ನೀರನ್ನು ಅದು ನಿಜಕ್ಕೂ ತಡೆಯುತ್ತದೆ. ಆದರೆ ಪಾದ ಇಳಿಸುವ ಬಾಯಿ ಮೇಲೆ ತೆರೆದೇ ಇದೆಯಲ್ಲ. ಪಾಂಚೋದ ಅಂಚು ಮೊಣಕಾಲಿನ ಸುತ್ತಮುತ್ತ ಮುಗಿಯುತ್ತದೆ. ಅಲ್ಲಿಂದ ತೊಟ್ಟಿಕ್ಕುವ ನೀರು ಮೀನಖಂಡದ ಮೇಲೆ ಹರಿದು ನೇರವಾಗಿ ಶೂ ಒಳಗೆ ಇಳಿಯುತ್ತದೆ. ವಾಟರ್ ರೈಡಿನಲ್ಲಂತೂ ಮೇಲಿನಿಂದಲೇ ತುಂಬುತ್ತದೆ. ಒಮ್ಮೆ ಒಳಗೆ ನೀರು ಸೇರಿತೆಂದರೆ ಹೊರಗಿನ ನೀರನ್ನು ತಡೆದ ಅದೇ ಪೊರೆ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಇಂಥ ಶೂ ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಒಳಗೆ ಒದ್ದೆಯೇ. ಚಳಿ ಇದ್ದು, ಮಳೆ ಬರೀ ತುಂತುರಾಗಿದ್ದು, ಶೂವಿನ ಬಾಯಿ ಮುಚ್ಚುವಂತೆ ಉದ್ದನೆಯ ಪ್ಯಾಂಟ್ ಹಾಕುವುದಾದರೆ ಈ ಶೂ ಒಳ್ಳೆಯದೇ. ಸೆಕೆ ಮತ್ತು ಜೋರು ಮಳೆ ಒಟ್ಟಿಗೆ ಇರುವ ಕಡೆ ಬೇಡ.

ಬೊಬ್ಬೆ ಏಳುವುದು ಬರೀ ಉಜ್ಜುವಿಕೆಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಇಷ್ಟು: ಒದ್ದೆಯಾದ ಚರ್ಮ ಮೆತ್ತಗಾಗುತ್ತದೆ, ಸಾಕ್ಸ್‌ಗೆ ಅಂಟಿಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಒಳಗಿನ ಮೂಳೆ ಹಿಂದೆಮುಂದೆ ಸರಿಯುತ್ತದೆ, ಮೇಲಿನ ಚರ್ಮ ಮಾತ್ರ ಸಾಕ್ಸಿನ ಜೊತೆ ಅಲ್ಲೇ ನಿಂತಿರುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ಒಂದರಿಂದೊಂದು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಪಾರ್ಕಿನಲ್ಲಿ ದಿನಕ್ಕೆ 10 ಕಿಲೋಮೀಟರ್ ನಡೆಯುವುದು ಸಾಮಾನ್ಯ, ಅಂದರೆ ಸುಮಾರು 14,000 ಹೆಜ್ಜೆ. ನಿಮ್ಮ ಕ್ಯಾನ್ವಾಸ್ ಶೂ ಹತ್ತಿಯದು, ಬಹುಶಃ ಸಾಕ್ಸೂ ಹತ್ತಿಯದೇ. ಹತ್ತಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬಿಡುವುದು ನಿಧಾನ. ಅಷ್ಟೂ ಹೆಜ್ಜೆಗಳನ್ನು ನೀವು ಒದ್ದೆ ಚರ್ಮದ ಮೇಲೆ ಹಾಕಿದಿರಿ.

ಹೆಚ್ಚಿನವರಿಗೆ ನಾನು ಹೇಳುವುದು ಪೊರೆಯಿಲ್ಲದ, ಜಾಳಿಗೆ ಬಟ್ಟೆಯ ಸಾಧಾರಣ ಸ್ಪೋರ್ಟ್ಸ್ ಶೂ. ಕೊಳ್ಳುವಾಗ ಮೂರು ಕಡೆ ಮುಟ್ಟಿ ನೋಡಿ. ಹಿಮ್ಮಡಿಯ ಸುತ್ತ ಮತ್ತು ಲೇಸಿನ ಕೆಳಗಿನ ನಾಲಿಗೆಯಲ್ಲಿ ಸ್ಪಂಜು ದಪ್ಪಗಿದ್ದರೆ ಅದು ನೀರು ಕುಡಿದು ಕೂರುತ್ತದೆ, ತೆಳುವಾಗಿರಲಿ. ಒಳಗಿನ ಪ್ಯಾಡ್ ಅಂಟಿಸಿರದೆ ಕೈಯಿಂದ ಎಳೆದರೆ ಹೊರಗೆ ಬರುವಂತಿರಲಿ. ಅಟ್ಟೆ ಮೆತ್ತನೆ ರಬ್ಬರಿನದಾಗಿರಲಿ, ಉಗುರಿನಿಂದ ಒತ್ತಿದರೆ ತುಸು ತಗ್ಗಬೇಕು. ಮನೆಯಲ್ಲಿ ಒಂದು ಪರೀಕ್ಷೆ ಮಾಡಿ: ಸಂಜೆ ನಲ್ಲಿಯ ಕೆಳಗೆ ಹಿಡಿದು ಪೂರ್ತಿ ನೆನೆಸಿ, ಕೊಡವಿ, ಪ್ಯಾಡ್ ತೆಗೆದು ಫ್ಯಾನಿನ ಮುಂದೆ ಇಡಿ. ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗಿದ್ದರೆ ಆ ಶೂ ಪ್ರವಾಸಕ್ಕೆ ಆದೀತು.

ಅಟ್ಟೆಯ ಬಗ್ಗೆ ಇನ್ನೊಂದು ಮಾತು. ಅಡಿಯಲ್ಲಿ ದೊಡ್ಡ ದೊಡ್ಡ ಉಬ್ಬುಗಳಿರುವ ಟ್ರೆಕ್ಕಿಂಗ್ ಶೂ ಮಳೆಗೆ ಒಳ್ಳೆಯದೆಂಬ ನಂಬಿಕೆ ಇದೆ. ಆ ಉಬ್ಬುಗಳು ಕೆಸರಿನಲ್ಲಿ ಕಚ್ಚಿಕೊಳ್ಳಲು ಮಾಡಿದವು. ಪಾರ್ಕಿನಲ್ಲಿ ಜಾರುವುದು ಕೆಸರಿನಲ್ಲಲ್ಲ. ಟೈಲ್ಸ್, ಬಣ್ಣ ಬಳಿದ ಗೆರೆ, ಲೋಹದ ತಗಡು, ರೈಡ್ ಹತ್ತುವ ಕಟ್ಟೆ, ಇಳಿಜಾರು ದಾರಿ ಇವುಗಳ ಮೇಲೆ. ಇಂಥ ನುಣುಪು ನೆಲದಲ್ಲಿ ಉಬ್ಬುಗಳ ಅಟ್ಟೆಯ ಸ್ವಲ್ಪ ಭಾಗವಷ್ಟೇ ನೆಲ ಮುಟ್ಟುತ್ತದೆ. ಸಪಾಟಾಗಿದ್ದು, ನೀರು ಹೊರಗೆ ಹೋಗಲು ತೆಳು ಗೀರುಗಳು ತುಂಬ ಇರುವ ಅಟ್ಟೆಗೆ ಹಿಡಿತ ಹೆಚ್ಚು. ಹಿಮ್ಮಡಿಯ ಕಡೆ ಸವೆದು ನುಣ್ಣಗಾದ ಹಳೆಯ ಶೂ ಎಷ್ಟೇ ಹಿತವಾಗಿದ್ದರೂ ಮನೆಯಲ್ಲೇ ಬಿಡಿ.

ಎರಡನೇ ಆಯ್ಕೆ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್. ನೀರು ನಿಲ್ಲುವುದೇ ಇಲ್ಲ, ಒರೆಸಿದರೆ ಮುಗಿಯಿತು. ತೊಂದರೆಗಳೂ ಇವೆ. ಮರಳು, ಸಣ್ಣ ಕಲ್ಲು ಪಾದದಡಿ ಸೇರುತ್ತದೆ. ಪಟ್ಟಿಯ ಅಂಚು ಒದ್ದೆ ಚರ್ಮವನ್ನು ಕೊಯ್ಯುತ್ತದೆ. ಸಾಲಿನಲ್ಲಿ ಹಿಂದಿನವರು ಬೆರಳು ತುಳಿಯುತ್ತಾರೆ. ಬೆರಳಿನ ಮುಂದೆ ಗಟ್ಟಿ ಮುಚ್ಚಳ ಇರುವ ಮಾದರಿಯಾದರೆ ವಾಸಿ, ಅದನ್ನೂ ಮೊದಲೇ ಹಾಕಿ ಸಾಕಷ್ಟು ನಡೆದಿರಬೇಕು. ಹವಾಯಿ ಚಪ್ಪಲಿ ಮಾತ್ರ ಬೇಡ. ಕಾಲು ನೇತಾಡುವ ರೈಡಿನಲ್ಲಿ ಕಳಚಿ ಬೀಳುತ್ತದೆಂದು ಸಿಬ್ಬಂದಿ ತೆಗೆಸುತ್ತಾರೆ. ಜಾರದಂತೆ ಬೆರಳುಗಳಿಂದ ಕಚ್ಚಿ ಹಿಡಿದು ನಡೆದು ನಡೆದು ಸಂಜೆಗೆ ಪಾದ, ಮೀನಖಂಡ ಎರಡೂ ನೋಯುತ್ತವೆ. ಮೆತ್ತನೆ ಫೋಮಿನ ಕ್ಲಾಗ್ (ಕ್ರಾಕ್ಸ್ ಥರದ ಪಾದರಕ್ಷೆ) ಮಕ್ಕಳಿಗೆ ಇಷ್ಟ. ಆದರೆ ಅದು ಸವೆದ ಮೇಲೆ ಒದ್ದೆ ಟೈಲ್ಸಿನ ಮೇಲೆ ವಿಪರೀತ ಜಾರುತ್ತದೆ, ಎಸ್ಕಲೇಟರಿನ ಅಂಚಿಗೆ ಸಿಕ್ಕಿ ಬೆರಳಿಗೆ ಪೆಟ್ಟಾಗುವ ಅಪಾಯವೂ ಇದೆ. ಗಮ್‌ಬೂಟು ಭಾರ, ಒಳಗೆ ಬೆವರು, ಮೇಲಿನಿಂದ ನೀರು ಇಳಿದರೆ ಕಳಚಿ ಬಗ್ಗಿಸುವ ತನಕ ಬಕೆಟ್ಟೇ.

ಶೂ ಮೇಲೆ ಎಳೆದುಕೊಳ್ಳುವ ಸಿಲಿಕೋನ್ ಕವರನ್ನು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ಅಟ್ಟೆಯನ್ನು ಮುಚ್ಚಿ ಅದರ ಜಾಗದಲ್ಲಿ ನುಣುಪು ಪದರ ಕೊಟ್ಟಂತಾಗುತ್ತದೆ. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತುವುದೂ ಅಷ್ಟೇ: ಬೆವರು ಒಳಗೇ ಉಳಿಯುತ್ತದೆ, ಪಾದ ಶೂವಿನೊಳಗೆ ಜಾರುತ್ತದೆ. ನೀರು ನಿಲ್ಲದಂತೆ ಮಾಡುವ ಸ್ಪ್ರೇ ಹೊಡೆದರೆ ತುಂತುರನ್ನು ಸ್ವಲ್ಪ ಹೊತ್ತು ತಡೆದೀತು, ಜೋರು ಮಳೆಗೆ ಅದರಿಂದ ಪ್ರಯೋಜನವಿಲ್ಲ.

ಅಳತೆ ನೋಡುವುದು ಸಂಜೆಯ ಹೊತ್ತಿಗೆ, ಪಾದ ಊದಿರುವಾಗ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಬೇಕು, ಹಿಮ್ಮಡಿ ಮೇಲೇಳಬಾರದು. ಹೊರಡುವ ಎರಡು ವಾರ ಮೊದಲೇ ಕೊಂಡು, ಅಲ್ಲಿಗೆ ಹಾಕುವ ಸಾಕ್ಸ್ ಜೊತೆಗೇ ನಡೆದು ಪಳಗಿಸಿ.

ಸಾಕ್ಸ್ ಸಿಂಥೆಟಿಕ್ ಅಥವಾ ಉಣ್ಣೆ ಬೆರೆತದ್ದು, ತೆಳುವಾದದ್ದು. ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಜೊತೆ ಹೆಚ್ಚುವರಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಾಗ ಕಾಲಿಗೂ ಹತ್ತು ಹದಿನೈದು ನಿಮಿಷ ಕೊಡಿ: ಶೂ, ಸಾಕ್ಸ್ ಬಿಚ್ಚಿ, ಬೆರಳಸಂದಿ ಒರೆಸಿ, ಬಿಳುಚಿ ಸುಕ್ಕಾದ ಚರ್ಮ ಮತ್ತೆ ಸರಿಯಾಗುವವರೆಗೆ ಗಾಳಿಗೆ ಬಿಡಿ. ಶೂ ಪ್ಯಾಡನ್ನು ಟವೆಲಿನಲ್ಲಿ ಸುತ್ತಿ ಒತ್ತಿ. ಹಿಮ್ಮಡಿಗೆ, ಬೆರಳಿನ ಪಕ್ಕಕ್ಕೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ ಒಣ ಸಾಕ್ಸ್ ಹಾಕಿ. ಶೂ ಇನ್ನೂ ತುಸು ಒದ್ದೆಯಿದ್ದರೂ ಈ ಒಂದು ಬದಲಾವಣೆಯಿಂದ ಮಧ್ಯಾಹ್ನದ ನಂತರದ ನಡಿಗೆ ತುಂಬ ಹಗುರಾಗುತ್ತದೆ. ನಿಮಗೆ ಹಿಮ್ಮಡಿಯಲ್ಲೇ ಬೊಬ್ಬೆ ಏಳುವುದರಿಂದ ಅಲ್ಲಿಗೆ ಬೆಳಿಗ್ಗೆಯೇ, ಪಾದ ಒಣಗಿರುವಾಗಲೇ ಅಂಟುಪಟ್ಟಿ ಹಚ್ಚಿಕೊಳ್ಳಿ; ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದರೆ ಸುರುಳಿ ಏಳುವುದಿಲ್ಲ. ಜೆಲ್ಲಿ ಹಚ್ಚಿದ ಜಾಗಕ್ಕೆ, ಒದ್ದೆ ಚರ್ಮಕ್ಕೆ ಪಟ್ಟಿ ಕೂರುವುದಿಲ್ಲ. ಎಲ್ಲಾದರೂ ಉರಿ ಶುರುವಾಯಿತೆಂದರೆ ‘ಇದೊಂದು ರೈಡ್ ಮುಗಿಯಲಿ’ ಎಂದು ಮುಂದೂಡದೆ ಅಲ್ಲೇ ಕೂತು ನೋಡಿ. ಬೊಬ್ಬೆ ಎದ್ದೇಬಿಟ್ಟರೆ ಒಡೆಯದೆ ಮುಚ್ಚಿಡಿ.

ನಿಮ್ಮ ಅತ್ತೆಯವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಉರಿ ಗೊತ್ತೇ ಆಗದಿರಬಹುದು. ಆದ್ದರಿಂದ ನೋವಿದೆಯೇ ಎಂದು ಕೇಳಿ ಬಿಡಬೇಡಿ. ಪ್ರತಿ ಸಲ ಸಾಕ್ಸ್ ಬದಲಿಸುವಾಗ ಅಡಿ, ಬೆರಳಸಂದಿ, ಹಿಮ್ಮಡಿ ಕಣ್ಣಾರೆ ನೋಡಿ. ಬರಿಗಾಲಲ್ಲಿ ನಡೆಯುವುದು, ಬೆರಳು ತೆರೆದ ಸ್ಯಾಂಡಲ್ ಎರಡೂ ಅವರಿಗೆ ಬೇಡ. ವೆಲ್ಕ್ರೋ ಪಟ್ಟಿಯ, ಈಗಾಗಲೇ ಪಳಗಿದ ಮುಚ್ಚಿದ ಶೂ ಒಳ್ಳೆಯದು. ಊತಕ್ಕೆ ತಕ್ಕಂತೆ ಸಡಿಲಿಸಬಹುದು. ಬೊಬ್ಬೆ, ಗಾಯ ಏನೇ ಕಂಡರೂ ವೈದ್ಯರಿಗೆ ತೋರಿಸಿ.

ಇನ್ನು ಮೈಗೆ. 10,000 ಎಂಎಂ ಅಂದರೆ ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸುತ್ತಾ ಹೋದರೆ 10 ಮೀಟರ್ ಎತ್ತರದವರೆಗಿನ ಒತ್ತಡಕ್ಕೂ ಒಳಗೆ ಜಿನುಗುವುದಿಲ್ಲ ಎಂದರ್ಥ. ಬೀಳುವ ಮಳೆಹನಿಗೆ ಅಷ್ಟು ಒತ್ತಡ ಇಲ್ಲ. ಒತ್ತಡ ಬೀಳುವುದು ಬ್ಯಾಗಿನ ಪಟ್ಟಿ ಭುಜ ಒತ್ತುವಲ್ಲಿ, ಒದ್ದೆ ಸೀಟಿನ ಮೇಲೆ ಕೂತಾಗ. ಪಾರ್ಕಿನ ಓಡಾಟಕ್ಕೆ 3,000ರಿಂದ 5,000 ಎಂಎಂ ಸಾಕು. ಆ ಸಂಖ್ಯೆ ಬಟ್ಟೆಯದ್ದು ಮಾತ್ರ ಎಂಬುದನ್ನು ಮರೆಯಬೇಡಿ. ಹೊಲಿಗೆಯ ಸೂಜಿತೂತು, ಜಿಪ್, ಟೋಪಿಯ ಅಂಚು ಇವುಗಳ ಬಗ್ಗೆ ಅದು ಏನೂ ಹೇಳುವುದಿಲ್ಲ, ನೀರು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ. ಜಾಕೆಟನ್ನು ಒಳಮಗ್ಗುಲು ತಿರುಗಿಸಿ ನೋಡಿ: ಭುಜ, ತೋಳು, ಟೋಪಿಯ ಹೊಲಿಗೆ ಉದ್ದಕ್ಕೂ ಟೇಪು ಅಂಟಿಸಿರಬೇಕು. ಟೇಪಿರುವ 3,000 ಎಂಎಂ ಜಾಕೆಟು ಟೇಪಿಲ್ಲದ 10,000 ಎಂಎಂ ಜಾಕೆಟಿಗಿಂತ ಮಳೆಯಲ್ಲಿ ಮೇಲು.

‘ಗಾಳಿಯಾಡುವ’ ಜಾಕೆಟ್ ಎಂಬ ಮಾತಿಗೂ ಮಿತಿಯಿದೆ. ಒಳಗಿನ ಬೆವರಿನ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ತೇವ ಕಡಿಮೆ ಇರಬೇಕು. ಸೆಕೆಯೂ ತೇವವೂ ತುಂಬಿದ ಹವೆಯಲ್ಲಿ ಆ ದುಬಾರಿ ಪೊರೆಗೆ ಕೆಲಸವೇ ಇರುವುದಿಲ್ಲ, ಒಳಗಿನಿಂದ ಬೆವರಿ ತೊಪ್ಪೆಯಾಗುತ್ತೀರಿ. ಬಹಳ ಜನ ‘ಜಾಕೆಟ್ ಸೋರುತ್ತಿದೆ’ ಎಂದು ದೂರುವುದು ಈ ಬೆವರನ್ನೇ. ಕೆಳಗಿನಿಂದ ಗಾಳಿ ಓಡಾಡುವ ಪಾಂಚೋ ಇಂಥಲ್ಲಿ ಹೆಚ್ಚು ಹಿತ. ಚಳಿಗಾಳಿಯ ಜಾಗಕ್ಕಾದರೆ ಜಾಕೆಟ್ಟೇ ಸರಿ.

ನಿಮ್ಮ ಹಳೆಯ ಪಾಂಚೋ ತೆಳು ಪಾಲಿಥೀನಿನದು. ತೂಕ 50 ಗ್ರಾಂ ಆಸುಪಾಸು, ಜೇಬಿಗೆ ಹಿಡಿಸುತ್ತದೆ. ಆದರೆ ಕುತ್ತಿಗೆಯ ಸೀಳಿನ ಕೊನೆಯಲ್ಲಿ ಯಾವ ಬಿಗಿಯೂ ಇಲ್ಲದ್ದರಿಂದ ಒಂದು ಸಣ್ಣ ಗೀರು ಬಿದ್ದರೆ ಹರಿದುಕೊಂಡೇ ಹೋಗುತ್ತದೆ. ಸೀಳಿನ ತುದಿಗೆ ಮೊದಲೇ ಎರಡೂ ಕಡೆಯಿಂದ ಸೆಲ್ಲೋಟೇಪು ಹಚ್ಚಿದರೆ ಒಂದು ದಿನ ಬಾಳುತ್ತದೆ. ಅದಕ್ಕಿಂತ ಮೇಲಿನದು ಇವಿಎ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಪಾಂಚೋ: ದಪ್ಪ, ಮೆತ್ತಗೆ, ಮುಂದೆ ಒತ್ತುಗುಂಡಿ, ಸುಮಾರು 150ರಿಂದ 250 ಗ್ರಾಂ, ಒರೆಸಿದರೆ ಒಣಗುತ್ತದೆ. ಲೇಪನ ಹಾಕಿದ ನೈಲಾನಿನದು ಇನ್ನೂ ಗಟ್ಟಿ, ಮಡಚಿದರೆ ಸಣ್ಣದಾಗುತ್ತದೆ, ಆದರೆ ಒಣಗಿಸದೆ ಇಟ್ಟರೆ ಕೆಡುತ್ತದೆ. ನಿಮ್ಮ ಎರಡು ದಿನಕ್ಕೆ ಇವಿಎ ಸಾಕು. ಬ್ಯಾಗನ್ನು ಪಾಂಚೋದ ಒಳಗೆ, ಎದೆಯ ಕಡೆ ಹಾಕಿಕೊಳ್ಳಿ. ಹಿಂದೆ ಹಾಕಿದರೆ ಪಾಂಚೋದ ಹಿಂಭಾಗ ಮೇಲೇರಿ ತೊಡೆಯ ಹಿಂದೆ ನೆನೆಯುತ್ತದೆ.

ಪಾಂಚೋದ ದೊಡ್ಡ ದೋಷ ಅದರ ಸಡಿಲ ಅಂಚು. ವೇಗದ ರೈಡಿನಲ್ಲಿ ಅದು ಪಟಪಟ ಹಾರಿ ಹಿಂದಿನವರ ಮುಖ ಮುಚ್ಚಬಹುದು, ಎಲ್ಲಾದರೂ ಸಿಕ್ಕಿಕೊಳ್ಳಬಹುದು. ಸಿಬ್ಬಂದಿ ತೆಗೆಯಿರಿ ಎಂದರೆ ವಾದ ಮಾಡದೆ ತೆಗೆಯಿರಿ. ಹಾಕಿಕೊಂಡೇ ಕೂರಲು ಬಿಟ್ಟರೆ ಅದರ ಟೋಪಿಯನ್ನು ಕೆಳಗಿಳಿಸಿ ಕುತ್ತಿಗೆಯೊಳಗೆ ಮಡಚಿ. ತಲೆಯ ಮೇಲಿದ್ದರೆ ಗಾಳಿ ತುಂಬಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ದೋಷ ಮೆಟ್ಟಿಲಲ್ಲಿ: ಉದ್ದನೆಯ ಪಾಂಚೋ ಹಾಕಿದವರಿಗೆ ತಮ್ಮ ಪಾದವೇ ಕಾಣುವುದಿಲ್ಲ. ಅತ್ತೆಯವರಿಗೂ ಸಣ್ಣ ಮಗನಿಗೂ ಅದಕ್ಕಾಗಿಯೇ ಸೊಂಟದಿಂದ ತುಸು ಕೆಳಗೆ ಬರುವ, ಜಿಪ್ ಇರುವ ತೆಳು ಜಾಕೆಟ್ ಹೇಳುತ್ತೇನೆ. ಮಗನದ್ದರಲ್ಲಿ ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರ ಇರಬಾರದು, ಆಟದ ಉಪಕರಣಕ್ಕೆ ಸಿಕ್ಕಿದರೆ ಉಸಿರಿಗೇ ಅಪಾಯ. ಟೋಪಿಯ ಕೆಳಗೆ ಮುಂದೆ ಅಂಚಿರುವ ಕ್ಯಾಪ್ ಹಾಕಿಸಿ. ಟೋಪಿ ಕಣ್ಣಿನ ಮೇಲೆ ಇಳಿಯುವುದಿಲ್ಲ, ತಲೆ ತಿರುಗಿದ ಕಡೆ ಅದೂ ತಿರುಗುತ್ತದೆ. ಕನ್ನಡಕದವರಿಗೂ ಇದು ವರ. ಮಕ್ಕಳಿಗೆ ಬಿಳಿ, ಪಾರದರ್ಶಕ ಬಣ್ಣ ಬಿಟ್ಟು ಎದ್ದು ಕಾಣುವ ಬಣ್ಣ ಆರಿಸಿ. ಮಳೆ ಬಂದ ತಕ್ಷಣ ಪಾರ್ಕಿನ ಅರ್ಧ ಜನ ಒಂದೇ ಥರದ ಪಾಂಚೋದಲ್ಲಿರುತ್ತಾರೆ. ಮಗನಿಗೆ ತಳ್ಳುಗಾಡಿ ಒಯ್ಯುವುದಾದರೆ ಗಾಳಿಕಿಂಡಿ ಇರುವ, ಆ ಗಾಡಿಗೇ ಮಾಡಿದ ಹೊದಿಕೆ ಬಳಸಿ. ಪಾಂಚೋವನ್ನೇ ಸುತ್ತಲೂ ಬಿಗಿದು ಮುಚ್ಚಬೇಡಿ, ಮಳೆ ನಿಂತ ಕೂಡಲೇ ತೆರೆಯಿರಿ. ಬಿಸಿಲು ಬಿದ್ದರೆ ಒಳಗೆ ಬಹುಬೇಗ ಕಾಯುತ್ತದೆ.

ವಾಟರ್ ರೈಡಿಗೆ ಅದೇ ಇವಿಎ ಪಾಂಚೋ ಆಗುತ್ತದೆ, ಅಲ್ಲಿ ಹಾಕಲು ಬಿಟ್ಟರೆ. ಅದು ಮೇಲಿನಿಂದ ಬೀಳುವ ನೀರನ್ನಷ್ಟೇ ತಡೆಯುತ್ತದೆ. ದೋಣಿಯ ಸೀಟಿನಲ್ಲಿ ಮೊದಲೇ ನೀರು ನಿಂತಿರುತ್ತದೆ. ಕೂರುವ ಮುಂಚೆ ಸೀಟು ಒರೆಸಿ, ಪಾಂಚೋದ ಹಿಂಭಾಗವನ್ನು ತೊಡೆಯ ಕೆಳಗೆ ಎಳೆದುಕೊಂಡು ಕೂತರೆ ಅರ್ಧ ಗೆದ್ದಂತೆ. ಇನ್ನೂ ಒಳ್ಳೆಯ ಉಪಾಯವೆಂದರೆ ವಾಟರ್ ರೈಡುಗಳನ್ನೆಲ್ಲ ಊಟಕ್ಕೆ ಮುಂಚಿನ ಒಂದು ಗಂಟೆಗೆ ಒಟ್ಟುಮಾಡಿ, ಮುಗಿದ ಕೂಡಲೇ ಸಾಕ್ಸ್ ಬದಲಿಸುವುದು. ಕೆಳಗೆ ಬೇಗ ಒಣಗುವ ಮೊಣಕಾಲುದ್ದದ ಪ್ಯಾಂಟ್ ಇರಲಿ. ಜೀನ್ಸ್ ನೆನೆದರೆ ಭಾರ, ಒಣಗುವುದಿಲ್ಲ, ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ. ಮಳೆಪ್ಯಾಂಟು ಚಳಿಯಿಲ್ಲದಿದ್ದರೆ ಬರೀ ಹೊರೆ.

ಕೊಡೆ ಒಂದು ಸಾಕು, ಅದೂ ಅತ್ತೆಯವರು ಎಲ್ಲಾದರೂ ಕೂತು ಕಾಯುವಾಗ. ಸಾಲಿನಲ್ಲಿ ಕೊಡೆಯ ಕಡ್ಡಿಗಳು ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತವೆ, ಅಂಚಿನ ನೀರು ಪಕ್ಕದವರ ಮೇಲೆ ಇಳಿಯುತ್ತದೆ, ರೈಡಿಗೆ ಒಯ್ಯುವಂತಿಲ್ಲ, ಇರಚಲು ಮಳೆಗೆ ಮೊಣಕಾಲಿನ ಕೆಳಗೆ ಪ್ರಯೋಜನವಿಲ್ಲ.

ಗುಡುಗು ಕೇಳಿದರೆ ಲೆಕ್ಕವೇ ಬೇರೆ. ರಬ್ಬರ್ ಅಟ್ಟೆ ಸಿಡಿಲಿನಿಂದ ಕಾಪಾಡುತ್ತದೆ ಎಂಬುದು ಸುಳ್ಳು. ಮೈಲುಗಟ್ಟಲೆ ಗಾಳಿಯನ್ನು ಸೀಳಿ ಬರುವ ಮಿಂಚಿಗೆ ಒಂದಿಂಚು ರಬ್ಬರ್ ತಡೆಯಲ್ಲ. ಮರದಡಿ, ಬರೀ ಚಾವಣಿಯಿರುವ ಚಪ್ಪರದಡಿ ನಿಲ್ಲದೆ ಗೋಡೆಯಿರುವ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ಹೀಗೆ ನೋಡಿದರೆ ನೀವು ಕೊಳ್ಳಬೇಕಾದದ್ದು ಹೆಚ್ಚಿಲ್ಲ. ನಿಮಗೂ ನಿಮ್ಮವರಿಗೂ ಮಗಳಿಗೂ ಇವಿಎ ಪಾಂಚೋ, ಅತ್ತೆಗೂ ಮಗನಿಗೂ ಟೇಪು ಹಚ್ಚಿದ ತೆಳು ಜಾಕೆಟ್. ಮಗಳದ್ದು ಮೊಣಕಾಲಿಗಿಂತ ಕೆಳಗೆ ಇಳಿಯದಿರಲಿ. ಇವೈದು ಕೊಡೆಯೊಂದಿಗೆ ಸೇರಿ ಒಂದೂವರೆ ಕಿಲೋ ಆಸುಪಾಸು. ಸಾಕ್ಸ್, ಕೈಯಗಲದ ಟವೆಲ್ ಎರಡು, ಜೆಲ್ಲಿ, ಅಂಟುಪಟ್ಟಿ, ಫೋನಿಗೆ ಜಿಪ್ ಚೀಲ, ಒದ್ದೆ ಸಾಮಾನಿಗೆ ಬೇರೆ ಚೀಲ, ಇಷ್ಟು ಸೇರಿಸಿದರೂ 20 ಲೀಟರ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಎಲ್ಲ ತುಂಬಿ, ಬಾಯಿಯನ್ನು ಮೂರು ಸುತ್ತು ಮಡಚಿ. ಹಣ ಉಳಿದರೆ ಜಾಕೆಟಿನ ಸಂಖ್ಯೆ ಏರಿಸಬೇಡಿ. ಪ್ರತಿಯೊಬ್ಬರಿಗೂ ಎರಡನೇ ದಿನಕ್ಕೆ ಇನ್ನೊಂದು ಜೊತೆ ಪಾದರಕ್ಷೆ ಇರುವಂತೆ ನೋಡಿಕೊಳ್ಳಿ, ಹಳೆಯದಾದರೂ ಸರಿ.

ಹೊರಡುವ ಮೊದಲು ಪ್ರತಿಯೊಂದನ್ನೂ ಹಾಕಿಕೊಂಡು ಶವರ್ ಕೆಳಗೆ ಐದು ನಿಮಿಷ ನಿಂತು ನೋಡಿ. ಒಳಗೆ ಭುಜದ ಮೇಲೆ, ಎದೆಯ ಜಿಪ್ ಹಿಂದೆ ಟಿಶ್ಯೂ ಕಾಗದ ಇಟ್ಟುಕೊಳ್ಳಿ. ಕೈ ಎತ್ತಿ, ಬಗ್ಗಿ, ಕೂತು ಏಳಿ. ಕಾಗದ ಎಲ್ಲಿ ನೆನೆಯಿತೋ ಸೋರುವುದು ಅಲ್ಲಿ.

ಮೊದಲ ದಿನದ ರಾತ್ರಿ ಶೂ ಪ್ಯಾಡ್ ಹೊರತೆಗೆದು, ಲೇಸ್ ಪೂರ್ತಿ ಸಡಿಲಿಸಿ, ಹಳೇ ಪತ್ರಿಕೆಯ ಉಂಡೆ ತುರುಕಿ. ಒಂದು ಗಂಟೆಯ ನಂತರ ಒಮ್ಮೆ, ಮಲಗುವ ಮುನ್ನ ಇನ್ನೊಮ್ಮೆ ಕಾಗದ ಬದಲಿಸಿ, ಫ್ಯಾನಿನ ಗಾಳಿ ಶೂವಿನ ಬಾಯೊಳಗೆ ಹೋಗುವಂತೆ ಇಡಿ. ಬಿಸಿ ಹೇರ್‌ಡ್ರೈಯರ್ ಹತ್ತಿರ ಹಿಡಿದರೆ ಅಟ್ಟೆಯ ಅಂಟು ಬಿಡುತ್ತದೆ. ಪಾಂಚೋ, ಜಾಕೆಟುಗಳನ್ನು ಪಾರ್ಕಿನಲ್ಲಿ ಒದ್ದೆ ಮಗ್ಗುಲು ಒಳಗೆ ಬರುವಂತೆ ಮಡಚಿದ್ದರೂ ಕೋಣೆಗೆ ಬಂದ ಕೂಡಲೇ ಬಿಡಿಸಿ ತೂಗುಹಾಕಿ. ಮನೆಗೆ ಮರಳಿದ ಮೇಲೂ ಪೂರ್ತಿ ಒಣಗದೆ ಪುಟ್ಟ ಚೀಲಕ್ಕೆ ತುರುಕಬೇಡಿ. ತೇವದಲ್ಲಿ ಕೂತ ಜಾಕೆಟಿನ ಒಳಲೇಪನ ಮೊದಲು ಅಂಟಂಟಾಗುತ್ತದೆ, ಆಮೇಲೆ ಹಾಳೆಹಾಳೆಯಾಗಿ ಉದುರುತ್ತದೆ. ಆ ಹಂತಕ್ಕೆ ಬಂದದ್ದನ್ನು ಸರಿಮಾಡಲು ಬರುವುದಿಲ್ಲ.